ಈರಕ್ಕನ ಮೂಗು

ನಮ್ಮ ಫೌಂಡ್ರಿಯ ಗೇಟಿನಲ್ಲಿ ಬೆಳಿಗ್ಗೆ ಎರಡು ಹಾಜರಿ ನಡೆಯುತ್ತಿದ್ದವು. ಒಂದು ವಾಚ್‌ಮನ್ನನ ಪುಸ್ತಕದಲ್ಲಿ, ಇನ್ನೊಂದು ಈರಕ್ಕನ ಮೂಗಿನಲ್ಲಿ. ಪುಸ್ತಕದಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು ಎಂಬಷ್ಟೇ ಇರುತ್ತಿತ್ತು. ಮೂಗಿನಲ್ಲಿ ಯಾರ ಮನೆಯಲ್ಲಿ ನಿನ್ನೆಯ ಸಾರು ಬಿಸಿ ಮಾಡಿದ್ದಾರೆ, ಯಾರು ಸ್ನಾನವನ್ನು ಬರೀ ಪೌಡರಿನಲ್ಲಿ ಮುಗಿಸಿದ್ದಾರೆ, ಯಾರ ಬೈಕಿನ ಪೆಟ್ರೋಲ್ ಪೈಪು ಸೋರುತ್ತಿದೆ ಎಲ್ಲವೂ ದಾಖಲಾಗುತ್ತಿತ್ತು. ಅವಳೇನೂ ನಿಂತು ಮೂಸುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಲಗಾಲನ್ನು ತುಸು ಎಳೆಯುತ್ತ ನಮ್ಮ ಪಕ್ಕ ಹಾದುಹೋಗುವಾಗ ಮೂಗಿನ ಎಡ ಹೊಳ್ಳೆ ಒಮ್ಮೆ ಅರಳಿ ಮುಚ್ಚುತ್ತಿತ್ತು. ಅಷ್ಟೇ.

"ತಿಮ್ಮಣ್ಣ, ಹೆಂಡ್ತಿ ಊರಿಗೆ ಹೋದ್ಲಾ? ಉಪ್ಪಿಟ್ಟು ತಳ ಹಿಡಿಸ್ಕಂಡು ಬಂದೀಯ."

ಕುಲುಮೆಯ ಮೇಸ್ತ್ರಿ ತಿಮ್ಮಣ್ಣ ನಾಚಿಕೊಂಡು ಮೀಸೆ ಒರೆಸಿಕೊಳ್ಳುತ್ತಿದ್ದ. ನಾನು ಕೆಲಸಕ್ಕೆ ಸೇರಿದ ದಿನ ನನಗೂ ತಪ್ಪಲಿಲ್ಲ. "ಏನಪ್ಪ ಆಪೀಸರ, ಮದ್ವೆ ಮನೆಗೇನು ಹೊಂಟಿದ್ದೀಯ? ಕುಲುಮೆಗೆ ಸೆಂಟು ಹಾಕ್ಕಂಡು ಬಂದ್ರೆ ಕಬ್ಬಿಣ ಏನು ನಿನ್ನ ನೋಡಿ ಕರಗ್ತೈತಾ?"

ಆಪೀಸರ ಎಂದರೆ ನಾನು. ಹಿರಿಯೂರಿನಾಚೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕಿದ್ದ ಆ ಫೌಂಡ್ರಿಯಲ್ಲಿ ಇದ್ದವರೇ ಇಪ್ಪತ್ತೆರಡು ಜನ. ಅವರಲ್ಲಿ ಡಿಪ್ಲೊಮಾ ಮಾಡಿದವನು ನಾನೊಬ್ಬ. ಆದ್ದರಿಂದ ನನ್ನ ಜೇಬಿಗೊಂದು ಅಳತೆ ನೋಡುವ ವರ್ನಿಯರ್ ಇಟ್ಟು ಕ್ವಾಲಿಟಿ ಇನ್‌ಸ್ಪೆಕ್ಟರ್ ಎಂದು ಕರೆದರು. ಓದಿದ್ದು ಅದಾದರೂ ಬರುತ್ತಿದ್ದ ವಿದ್ಯೆ ಬೇರೆ. ನಾನು ಹುಟ್ಟಾ ಅಣಕುಗಾರ. ಮಾತಾಡಲು ಕಲಿತದ್ದೇ ಅಜ್ಜನ ಕೆಮ್ಮನ್ನು ನಕಲು ಮಾಡುತ್ತ ಎಂದು ಅಮ್ಮ ಹೇಳುತ್ತಾಳೆ. ಫೌಂಡ್ರಿ ಸೇರಿದ ತಿಂಗಳೊಳಗೆ ಇಪ್ಪತ್ತೊಂದು ಜನರ ದನಿಯೂ ನನ್ನ ಗಂಟಲಲ್ಲಿತ್ತು. ಇಪ್ಪತ್ತೆರಡನೆಯವನಾದ ನನ್ನ ದನಿ ಮಾತ್ರ ಎಲ್ಲಿಟ್ಟಿದ್ದೇನೆಂದು ಅಷ್ಟಾಗಿ ಹುಡುಕಿರಲಿಲ್ಲ.

ನಾವು ಮಾಡುತ್ತಿದ್ದದ್ದು ನೀರೆತ್ತುವ ಪಂಪಿನ ಬೀಡುಕಬ್ಬಿಣದ ಮೈ. ಪಂಪಿನ ಹೊಟ್ಟೆ ಟೊಳ್ಳಾಗಿರಬೇಕಲ್ಲ? ಸುರಿಯುವ ಕಬ್ಬಿಣಕ್ಕೆ "ಈ ಜಾಗಕ್ಕೆ ನೀನು ಬರಬೇಡ" ಎಂದು ಹೇಳಲು ಅಚ್ಚಿನೊಳಗೆ ಮರಳಿನದೊಂದು ಬೊಂಬೆ ಕೂರಿಸುತ್ತೇವೆ. ಅದೇ ಕೋರು. ಒಣ ಮರಳು ತಾನಾಗಿ ಬೊಂಬೆಯಾಗುವುದಿಲ್ಲ, ಅದಕ್ಕೆ ಅಂಟು ಬೇಕು: ಅಗಸೆ ಎಣ್ಣೆ, ಕಾಕಂಬಿ, ಒಂದಿಷ್ಟು ಗಂಜಿಪುಡಿ. ಕಲಸಿ, ಮರದ ಪೆಟ್ಟಿಗೆಯಲ್ಲಿ ಒತ್ತಿ, ಒಲೆಯಲ್ಲಿ ಬೇಯಿಸಿದರೆ ಬಿಸ್ಕತ್ತಿನಂತೆ ಗಟ್ಟಿಯಾಗುತ್ತದೆ. ಕಬ್ಬಿಣ ಸುರಿದಾಗ ಅದು ಅಲುಗದೆ ನಿಲ್ಲಬೇಕು. ಕಬ್ಬಿಣ ಗಟ್ಟಿಯಾದ ಮೇಲೆ ಅಂಟೆಲ್ಲ ಉರಿದು ಪುಡಿಪುಡಿಯಾಗಿ ಉದುರಿಹೋಗಬೇಕು. ಈರಕ್ಕ ಇದನ್ನು ನನ್ನ ಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತಿದ್ದಳು: "ಒಳ್ಳೆ ನೆಂಟ್ರಿದ್ದಂಗಿರ್ಬೇಕು ಕಣಪ್ಪ ಕೋರು. ಇರೋವಷ್ಟು ದಿನ ಗಟ್ಟ್ಯಾಗಿ ಕುಂತ್ಕಬೇಕು. ಹೊತ್ತಾದ ಮ್ಯಾಲೆ ಹೇಳಿಸ್ಕಳ್ದಂಗೆ ಎದ್ದು ಹೋಗ್ಬೇಕು."

ಆ ಕೋರುಮನೆ ಇಪ್ಪತ್ತಾರು ವರ್ಷಗಳಿಂದ ಅವಳದು. ಕಲಸಿದ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ನಡುವೆ ಮುರಿದು, ಮುರಿದ ಅಂಚನ್ನು ನೋಡುವಳು. ಅಂಚು ಚೂಪಾಗಿ ನಿಂತರೆ ಸರಿ. ಕುಸಿದರೆ ಎಣ್ಣೆ ಕಡಿಮೆ. ಬೆರಳಿಗೆ ಮೆತ್ತಿದರೆ ನೀರು ಹೆಚ್ಚು. ಪೆಟ್ಟಿಗೆ ಬಿಚ್ಚಿದಾಗ ಅದರ ಎರಡು ಹೋಳು ಕೂಡಿದ ಕಡೆ ಕೋರಿನ ಮೈಮೇಲೆ ಜೋಡಿನ ಗೆರೆ ಉಳಿದಿರುತ್ತದೆ. ಹೆಬ್ಬೆರಳನ್ನು ನೀರಿಗದ್ದಿ ಆ ಗೆರೆಯ ಮೇಲೆ ಒಂದೇ ಒಂದು ಸಲ ಎಳೆಯುವಳು. ಎರಡನೇ ಸಲ ಎಳೆದದ್ದನ್ನು ನಾನು ಕಂಡಿಲ್ಲ.

ಬೇಯಿಸುವುದು ಮಾತ್ರ ಪೂರಾ ಮೂಗಿನ ಕೆಲಸ. ಒಲೆಗೆ ಒಂದು ಥರ್ಮಾಮೀಟರ್ ಇತ್ತು, ಇಲ್ಲವೆಂದಲ್ಲ. ಅದರ ಮುಳ್ಳು ನೂರೆಂಬತ್ತರಲ್ಲಿ ನಿಂತುಬಿಟ್ಟಿತ್ತು. ಒಲೆ ನಿಗಿನಿಗಿ ಉರಿಯುವಾಗಲೂ ನೂರೆಂಬತ್ತು, ಹಬ್ಬದ ರಜೆಯಲ್ಲೂ ನೂರೆಂಬತ್ತು. ನಡುವೆ ಬಾಗಿಲು ತೆಗೆದು ನೋಡುವಂತಿಲ್ಲ. ಕಾವು ಹೊರಟುಹೋದರೆ ಕೋರಿನ ಮೇಲ್ಮೈ ಕೆಂಪಗಾಗಿ ಒಳಗು ಹಸಿ ಉಳಿಯುತ್ತದೆ. ಹಸಿ ಕೋರಿನ ಮೇಲೆ ಕಬ್ಬಿಣ ಸುರಿದರೆ ಒಳಗಿನ ಎಣ್ಣೆ ಹೊಗೆಯಾಗಿ ಉಕ್ಕಿ ಕಬ್ಬಿಣವನ್ನೇ ತೂತು ಮಾಡುತ್ತದೆ. ಆದ್ದರಿಂದ ಈರಕ್ಕ ಒಲೆಯ ಬಾಗಿಲ ಸಂದಿಯ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಮೊದಲು ಒದ್ದೆ ಮಣ್ಣಿನ ವಾಸನೆ. ಆಮೇಲೆ ಬೆಲ್ಲದ ಪಾಕ. ಅದಾದ ಮೇಲೆ ಕಣ್ಣಿಗೆ ಹತ್ತುವ ಎಣ್ಣೆ ಹೊಗೆ. ಕೊನೆಗೊಂದು ಗಳಿಗೆ ಬರುತ್ತದೆ: ಅಗಸೆ ಕಾಳನ್ನು ಬಾಣಲೆಯಲ್ಲಿ ಹುರಿದು ಇನ್ನೇನು ಇಳಿಸಬೇಕು ಎನ್ನುವಾಗಿನ ಘಮ. ಆಗ ಎಡ ಹೊಳ್ಳೆ ಅರಳುತ್ತಿತ್ತು. "ತೆಗೀ" ಎನ್ನುತ್ತಿದ್ದಳು. ಅವಳ ಸಹಾಯಕ್ಕಿದ್ದ ನಾಗವೇಣಿ ಬಾಗಿಲು ಎಳೆದರೆ ಒಳಗಿನ ಕೋರುಗಳೆಲ್ಲ ಒಂದೇ ಸಮನಾಗಿ ಹುರಿದ ಕಡಲೆಕಾಯಿ ಬಣ್ಣ.

"ಈ ಮೂಗು ಎಲ್ಲಿ ಸಿಕ್ತು ಅಕ್ಕ?" ಎಂದು ನಾನೊಮ್ಮೆ ಕೇಳಿದ್ದೆ.

"ಕುರಿ ಕೊಟ್ಟಿದ್ದು" ಎಂದಳು. ಅವಳ ತವರು ಯಲ್ಲದಕೆರೆ, ಕುರಿ ಸಾಕುವ ಮನೆ. ಸಂಜೆ ಮಂದೆ ಬಂದಾಗ ರೊಪ್ಪದ ಬೇಲಿಯೊಳಗೆ ಕೂಡಿದ್ದ ಮರಿಗಳನ್ನು ಅವುಗಳ ತಾಯಿಗೆ ಬಿಡುವುದು ಚಿಕ್ಕವಳಿದ್ದಾಗ ಅವಳ ಕೆಲಸ. "ಮರಿ ಬಿಟ್ಟ ತಕ್ಷಣ ತಾಯಿ ಬಾಲದ ತಾವ ಮೂಸ್ತೈತೆ. ತಂದಲ್ಲ ಅಂದ್ರೆ ಒದ್ದು ಕಳಿಸ್ತೈತೆ. ಒದೆಯೋಕೆ ಮುಂಚೆ ನಾನೇ ಮೂಸಿ ಬಿಟ್ರೆ ಕೆಲ್ಸ ಜಲ್ದಿ ಆಗ್ತಿತ್ತು. ಅಷ್ಟೇ ನನ್ ಕಾಲೇಜು."

ಅವಳ ಕಾಲೇಜಿಗೂ ನನ್ನ ಕಾಲೇಜಿಗೂ ಒಂದೇ ಒಂದು ಸಲ ಜಗಳವಾಗಿದೆ. ಗಂಜಿಪುಡಿಯ ಚೀಲ ಬರುವುದು ತಡವಾಗಿ, ಅಂದಿನ ಕೋರಿಗೆ ಗಂಜಿಯಿಲ್ಲದಂತಾಯಿತು. ಈರಕ್ಕ ಸುಮ್ಮನೆ ಹೋಗಿ ತನ್ನ ಡಬ್ಬಿಯ ರಾಗಿ ಅಂಬಲಿ ತಂದು ಮರಳಿಗೆ ಸುರಿದಳು. ನಾನು ವರ್ನಿಯರ್ ಹಿರಿದು, ಅಂಬಲಿ ಎಂಬ ಪದಾರ್ಥ ಯಾವ ಪಠ್ಯದಲ್ಲೂ ಇಲ್ಲವೆಂದು ಭಾಷಣ ಬಿಗಿದೆ. "ಪಠ್ಯ ಬರೆದೋರು ಅಂಬ್ಲಿ ಕುಡಿದಿರಾಕಿಲ್ಲ ಬಿಡು" ಎಂದು ಅವಳು ಕಲಸುತ್ತಲೇ ಇದ್ದಳು. ಕೋರು ಚೆನ್ನಾಗಿಯೇ ಬಂತು. ಆದರೆ ಬೇಯಿಸದೆ ಉಳಿದಿದ್ದ ನಾಲ್ಕು ಕೋರುಗಳಿಗೆ ಮರುದಿನ ಬೆಳಿಗ್ಗೆ ಗೋಡೆಯಿಂದ ಇರುವೆಗಳ ಸಾಲು ಹೊರಟಿತ್ತು. ನಾನು ಗೆದ್ದವನಂತೆ ಅದನ್ನು ತೋರಿಸಿದೆ. ಅವಳು ಕೋರಿನ ಅಟ್ಟಣಿಗೆಯ ನಾಲ್ಕೂ ಕಾಲುಗಳ ಕೆಳಗೆ ನೀರು ತುಂಬಿದ ತಗಡಿನ ಡಬ್ಬಿ ಇಟ್ಟು, "ನೋಡು, ನಿನಗಿಂತ ಮೊದ್ಲು ಇರುವೆ ಬಂದು ಕ್ವಾಲಿಟಿ ಪಾಸ್ ಮಾಡಿ ಹೋಗ್ಯಾವೆ" ಎಂದಳು. ಆ ಡಬ್ಬಿಗಳು ಇವತ್ತಿಗೂ ಅಲ್ಲೇ ಇವೆ.

ನಾನು ಅವಳನ್ನು ಅಣಕಿಸದೆ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅಚ್ಚು ಕಟ್ಟುವವರ ನಡುವೆ ನಿಂತು ಸೆರಗು ಸಿಕ್ಕಿಸಿಕೊಂಡಂತೆ ಮಾಡಿ, ಕಾಲೆಳೆದು, ಹೊಳ್ಳೆ ಅರಳಿಸಿ "ತೆಗೀ" ಎಂದೆ. ಯಾರೂ ನಗಲಿಲ್ಲ. ನನ್ನ ಬೆನ್ನ ಹಿಂದೆ ಈರಕ್ಕ ನಿಂತಿದ್ದಳು.

"ಇನ್ನೊಂದ್ಸಲ ಮಾಡು."

"ಬ್ಯಾಡ ಬಿಡಕ್ಕ..."

"ಮಾಡಲೇ ಅಂದೆ. ನಾನು ಎಳೆಯೋದು ಬಲಗಾಲು, ನೀನು ಎಡಗಾಲು ಎಳೆದೆ. 'ತೆಗೀ' ಅನ್ನಾಕೆ ಮುಂಚೆ ಉಸಿರು ತಗಂತೀನಿ, ನೀನು ಬಿಟ್ಟೆ."

ಮೂರು ಸಲ ಮಾಡಿಸಿದಳು. ಮೂರನೆಯ ಸಲವೂ ತಲೆ ಅಡ್ಡಡ್ಡ ಆಡಿಸಿ, "ಮ್ಯಾಲಿನ ಮೈ ಬಂದೈತೆ, ಕೋರು ಹಾಕಿಲ್ಲ ನೀನು. ಈ ಪಂಪಿನಾಗೆ ನೀರು ಹಾಯಾಕಿಲ್ಲ" ಎಂದು ಹೊರಟುಹೋದಳು. ಅಂದಿನಿಂದ ಯಾರ ದನಿ ಮಾಡಿದರೂ ಮೊದಲು ಅವಳ ಮುಂದೆ ಪಾಸಾಗಬೇಕಿತ್ತು. ಫೌಂಡ್ರಿಯ ಯಜಮಾನರ ದನಿಗೆ ಪೂರಾ ಅಂಕ ಕೊಟ್ಟಳು. ಅವಳದನ್ನು ಮಾತ್ರ ನಾನು ಕದ್ದು ಅಭ್ಯಾಸ ಮಾಡುತ್ತಲೇ ಇದ್ದೆ. ಕೋರಿಗೆ ಸಹಿ ಹಾಕುವ ನೆಪದಲ್ಲಿ ಒಲೆಯ ಪಕ್ಕ ನಿಂತು ಆ ಹೊಳ್ಳೆ ಅರಳುವ ಕ್ಷಣವನ್ನು ಕಾಯುತ್ತಿದ್ದೆ. ಹೊಳ್ಳೆ ಕದಿಯಲು ಹೋದವನಿಗೆ ಗೊತ್ತಿಲ್ಲದೆ ವಾಸನೆಯೂ ಸಿಕ್ಕಿಬಿಟ್ಟಿತ್ತು.

ಒಂದು ಸಲ ಅವಳಿಗೆ ಜ್ವರ ಬಂದು ಹತ್ತು ದಿನ ಮಲಗಿದಳು. ಆ ದಿನಗಳಲ್ಲಿ ಒಲೆ ಹಚ್ಚಲಿಲ್ಲ. ವಾಪಸು ಬಂದವಳು ಗೇಟಿನಲ್ಲಿ ಯಾರಿಗೂ ಏನೂ ಅನ್ನಲಿಲ್ಲ. ಸುಸ್ತಿರಬೇಕು ಎಂದುಕೊಂಡೆವು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳ ಡಬ್ಬಿಯ ಹುರುಳಿ ಸಾರು ಹಳಸಿದ್ದು ನನ್ನ ಮೂಗಿಗೆ ಎರಡು ಮಾರು ದೂರದಿಂದಲೇ ಹೊಡೆಯಿತು. ಅವಳು ಆರಾಮಾಗಿ ಮುದ್ದೆ ಅದ್ದಿ ನುಂಗುತ್ತಿದ್ದಳು.

ನಾನು ತಮಾಷೆಗೆ ಅವಳದೇ ದನಿಯಲ್ಲಿ, "ಏನಕ್ಕ, ಮೊನ್ನೇ ಸಾರಾ?" ಎಂದೆ.

ಅವಳ ಕೈ ಬಾಯಿಯ ಹತ್ತಿರ ನಿಂತಿತು. ನನ್ನನ್ನು ನೋಡಿದಳು. ಆಮೇಲೆ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಹಿಡಿದೇ ಇದ್ದು, ಮುಚ್ಚಳ ಹಾಕಿದಳು.

ಊಟವಾದ ಮೇಲೆ ಒಲೆಯ ಹಿಂದಕ್ಕೆ ಕರೆದಳು. "ಹೋಗೈತೆ ಕಣಪ್ಪ. ಪೂರಾ ಹೋಗೈತೆ. ಡಾಕುಟ್ರು ಬಂದ್ರೂ ಬರ್ಬೋದು, ಬರ್ದೇನೂ ಇರ್ಬೋದು ಅಂದ್ರು. ನಾಗವೇಣಿಗೆ ಇನ್ನೂ ಮೂಗು ಬಂದಿಲ್ಲ, ನಂದು ಹೋತು. ಯಜಮಾನ್ರು ಮೊದ್ಲೇ ಗ್ಯಾಸಿನ ಕೋರು ಗ್ಯಾಸಿನ ಕೋರು ಅಂತ ಕುಣೀತಾವ್ರೆ. ಗೊತ್ತಾದ್ರೆ ನಾಳೇನೆ ಒಲೆ ಆರಿಸ್ತಾರೆ. ನಾವಿಬ್ರೂ ಪೊರಕೆ ಹಿಡೀಬೇಕು."

ಒಲೆಯ ಕೆಲಸದಲ್ಲಿ ಅವಳು ಮೇಸ್ತ್ರಿಗಳಿಗೂ ಮೇಸ್ತ್ರಿ. ಪೊರಕೆ ಹಿಡಿದರೆ ಯಾರೂ ಅಲ್ಲ. ನನಗೂ ಅದು ತಿಳಿಯುತ್ತಿತ್ತು.

"ನಂಗೆ ವಾಸ್ನೆ ಗೊತ್ತಾಗ್ತೈತೆ ಅಕ್ಕ" ಎಂದೆ.

ನಂಬಲಿಲ್ಲ. ಕಣ್ಣು ಮುಚ್ಚಿಸಿ ಹಸಿ ಕೋರು, ಬೆಂದ ಕೋರು, ಸೀದ ಕೋರುಗಳ ಚೂರನ್ನು ಒಂದೊಂದಾಗಿ ಮೂಗಿಗೆ ಹಿಡಿದಳು. ಮೂರೂ ಸರಿಯಾಗಿ ಹೇಳಿದೆ. ನಾಲ್ಕನೆಯದಕ್ಕೆ ತನ್ನ ಎಲೆಅಡಿಕೆ ಚೀಲ ಹಿಡಿದು ನನ್ನನ್ನು ಬೀಳಿಸಲು ನೋಡಿದಳು. ಅದನ್ನೂ ಹೇಳಿದೆ.

ಆದರೆ ಕ್ವಾಲಿಟಿ ಇನ್‌ಸ್ಪೆಕ್ಟರ್ ದಿನವೂ ಒಲೆಯ ಬುಡದಲ್ಲಿ ನಿಂತು "ಆಯ್ತು, ಆಗಿಲ್ಲ" ಎಂದು ಕಿವಿಯಲ್ಲಿ ಹೇಳಿದರೆ ಜನಕ್ಕೆ ಅನುಮಾನ ಬರುತ್ತದೆ. ಅದರ ಮೇಲೆ ನಾಗವೇಣಿಯ ಬಾಯಿಗೆ ಬಾಗಿಲೇ ಇರಲಿಲ್ಲ. ಹಾಗಾಗಿ ನಾವು ನನ್ನ ದುಡಿಯದ ವಿದ್ಯೆಯನ್ನು ದುಡಿಸಿಕೊಂಡೆವು. ಕೋರು ಇನ್ನೂ ಹಸಿಯಿದ್ದರೆ ನಾನು ತಿಮ್ಮಣ್ಣನ ದನಿಯಲ್ಲಿ "ಇನ್ನೂ ಟೈಮೈತೆ ಬಿಡ್ರಪ್ಪ" ಎನ್ನಬೇಕು. ಭೂಕಂಪವಾದರೂ ಅವನು ಹೇಳುವುದು ಅದನ್ನೇ. ಹದಕ್ಕೆ ಬಂದರೆ ನಾವು ಬರುವ ಬಸ್ಸಿನ ಕಂಡಕ್ಟರನ ದನಿ: "ಇಳೀರಿ, ಇಳೀರಿ, ಹಿರಿಯೂರ್ ಇಳ್ಯೋರು ಮುಂದುಕ್ ಬರ್ರಿ!" ಸೀಯತೊಡಗಿದರೆ ಯಜಮಾನರ ದನಿ: "ಏನ್ರೀ! ಏನ್ರೀ ಇದು!"

"ಸರ್ಯಾಗಿದ್ದಾಗ ನಿನ್ನ ದನೀನೇ ಮಾಡ್ಲಾ ಅಕ್ಕ?" ಎಂದು ಕೇಳಿದ್ದೆ.

"ಮೂಗಂತೂ ಹೋತು. ದನಿನಾದ್ರೂ ನಂದು ನಂಗಿರ್ಲಿ."

ಎರಡು ತಿಂಗಳು ನಡೆಯಿತು. ಕಂಡಕ್ಟರ್ ಕೂಗಿದ, ಈರಕ್ಕ "ತೆಗೀ" ಎಂದಳು, ನಾಗವೇಣಿ ಬಾಗಿಲು ಎಳೆದಳು, ಕೋರು ಕಡಲೆಕಾಯಿ ಬಣ್ಣದಲ್ಲಿ ಹೊರಬಂತು. ಫೌಂಡ್ರಿಯವರೆಲ್ಲ "ಆಪೀಸರ್ರಿಗೆ ಹುಚ್ಚು ಜಾಸ್ತಿ ಆಗೈತೆ" ಎಂದುಕೊಂಡರು. ಅದೊಂದು ಅನುಕೂಲ, ಮೊದಲಿನಿಂದಲೂ ಹಾಗೇ ಅಂದುಕೊಂಡಿದ್ದರು.

ಹೊಸ ಗಿರಾಕಿಯೊಬ್ಬರ ಪಂಪಿಗೆ ಹನ್ನೆರಡು ಮೈ ಎರಕ ಹಾಕಬೇಕಿದ್ದ ದಿನ ಅದು. ಒಲೆಯ ತುಂಬ ಕೋರು. ಬೆಲ್ಲದ ಪಾಕದ ವಾಸನೆ ಈಗಷ್ಟೇ ಶುರುವಾಗಿತ್ತು. ನಾನು "ಇನ್ನೂ ಟೈಮೈತೆ ಬಿಡ್ರಪ್ಪ" ಎಂದು ಕೂಗಿ, ಟೈಮಿದೆಯಲ್ಲ ಎಂದು ಅಚ್ಚಿನ ಅಂಗಳದ ಕಡೆ ಹೋದೆ.

"ಆಪೀಸರ್ರೆ, ಮೊನ್ನೆ ಯಜಮಾನ್ರು ಲಾರಿ ಡ್ರೈವರಿಗೆ ಬೈದ್ರಲ್ಲ, ಅದನ್ನ ಒಂದ್ಸಲ ಮಾಡ್ರಿ" ಎಂದ ಒಬ್ಬ.

ಕೇಳಿದವರಿಗೆ ಇಲ್ಲ ಎಂದ ದಾಖಲೆ ನನ್ನ ವಂಶದಲ್ಲಿಲ್ಲ. ಮರಳಿನ ಗುಡ್ಡೆ ಹತ್ತಿದೆ. ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆಳೆದೆ. "ಏನ್ರೀ! ಏನ್ರೀ ಇದು!" ಚಪ್ಪಾಳೆ ಬಿತ್ತು. ಇನ್ನೊಂದು ಸಲ, ಇನ್ನೂ ಜೋರಾಗಿ. ನನ್ನ ಜೀವನದ ಅತ್ಯುತ್ತಮ ಯಜಮಾನರು ಅವತ್ತು ಬಂದಿದ್ದರು.

ಕೋರುಮನೆಗೆ ಗೋಡೆ ಒಂದೇ ಅಡ್ಡ. ನನ್ನ ಕೂಗು ಕೇಳಿ ಕೋರು ಸೀಯುತ್ತಿದೆ ಎಂದುಕೊಂಡ ಈರಕ್ಕ ಹೌಹಾರಿ ಒಲೆ ತೆಗೆಸಿದ್ದಳು.

ಇದು ನನಗೆ ಗೊತ್ತಾಗುವ ಮೊದಲೇ ಗೇಟಿನಲ್ಲಿ ಯಜಮಾನರ ಕಾರು ಬಂತು, ಜೊತೆಗೆ ಗಿರಾಕಿ. ನಾನು ಗುಡ್ಡೆಯಿಂದ ಜಾರಿ, ಮೈಮೇಲಿನ ಮರಳು ಕೊಡವುತ್ತ ಕೋರುಮನೆಗೆ ಓಡಿದೆ. ಹನ್ನೆರಡು ಕೋರುಗಳೂ ಹೊರಗೆ ಅಟ್ಟಣಿಗೆಯ ಮೇಲೆ ಆರುತ್ತಿದ್ದವು. ಮೇಲೆ ಕೆಂಪು ಬಂದಿತ್ತು. ಗಾಳಿಯಲ್ಲಿ ಮಾತ್ರ ಇನ್ನೂ ಪಾಕದ ವಾಸನೆ.

"ಸೀದಿಲ್ಲಲ್ಲೋ?" ಎಂದಳು ಈರಕ್ಕ ಮೆಲ್ಲಗೆ. "ನೀನೇ ಕೂಗಿದ್ಯಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಗಿರಾಕಿಯನ್ನು ಕರೆದುಕೊಂಡು ಒಳಗೆ ಬಂದರು. "ಇವ್ರೇ ನಮ್ ಕ್ವಾಲಿಟಿ" ಎಂದು ನನ್ನ ಬೆನ್ನು ತಟ್ಟಿದರು. ಕುಲುಮೆಯ ಕಡೆಯಿಂದ ತಿಮ್ಮಣ್ಣ, "ಕಬ್ಬಿಣ ರೆಡಿ ಐತೆ, ಕೋರು ಕಳಿಸ್ರಪ್ಪ" ಎಂದ. ಜನ್ಮದಲ್ಲಿ ಮೊದಲ ಸಲ ಅವನಿಗೆ ಟೈಮಿರಲಿಲ್ಲ.

ಈರಕ್ಕ ಒಂದು ಕೋರನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು. ಬೆಂದ ಕೋರು ಒಣ ಕೊಬ್ಬರಿ ಗಿಟುಕಿನಂತೆ ಟಣ್ ಎನ್ನುತ್ತದೆ. ಅದು ತಪ್ ಎಂದಿತು. ಅವಳು ನನ್ನ ಮುಖ ನೋಡಿದಳು.

ಒಂದೇ ಮಾತು ಸಾಕಿತ್ತು: ವಾಪಸ್ ಒಲೆಗೆ ಹಾಕಿ, ಇನ್ನೊಂದು ಗಂಟೆ. ಆದರೆ ಯಾಕೆ ಎಂದು ಯಜಮಾನರು ಕೇಳುತ್ತಿದ್ದರು. ಯಾಕೆ ಎಂದರೆ ಮರಳಿನ ಗುಡ್ಡೆಯ ಮಂಗನಾಟ ಹೊರಗೆ ಬರುತ್ತಿತ್ತು, ಗಿರಾಕಿಯ ಮುಂದೆ. ನನ್ನ ಬೆನ್ನ ಮೇಲೆ ಯಜಮಾನರ ಕೈ ಇನ್ನೂ ಬೆಚ್ಚಗಿತ್ತು.

ನಾನು ತಲೆ ಆಡಿಸಿದೆ. ಸರಿಯಿದೆ ಎಂದು.

ಕಬ್ಬಿಣ ಸುರಿದಾಗ ಅಚ್ಚಿನ ಬಾಯಿ ಗೊಳಗೊಳ ಎಂದು ಕುದಿಯಿತು. ಒಳಗೆ ಹಸಿ ಎಣ್ಣೆ ಹೊಗೆಯಾಗಿ ದಾರಿ ಹುಡುಕುತ್ತಿತ್ತು. ಅದು ಕೆಮ್ಮಿ ಉಗುಳಿದ ಕಿಡಿಯೊಂದು ನನ್ನ ಪ್ಯಾಂಟು ತೂರಿ ಮೊಣಕಾಲ ಕೆಳಗೆ ಕೂತಿತು. ಅವರೆಕಾಳಿನಷ್ಟು ದೊಡ್ಡ ಕಲೆ ಈಗಲೂ ಇದೆ. ಬೇರೆ ಯಾರಿಗೂ ಏನೂ ಆಗಲಿಲ್ಲ. ಮರುದಿನ ಅಚ್ಚು ಒಡೆದರೆ ಹನ್ನೆರಡಕ್ಕೆ ಹನ್ನೆರಡೂ ಹುಳ ಕೊರೆದ ಬದನೆಕಾಯಿ.

"ಏನ್ರೀ! ಏನ್ರೀ ಇದು!" ಎಂದರು ಯಜಮಾನರು. ಅಸಲಿಗಿಂತ ನನ್ನ ನಕಲೇ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲೂ ನನಗೆ ಅನ್ನಿಸಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಉಗುಳು ನುಂಗುವಷ್ಟರಲ್ಲಿ ಈರಕ್ಕ ಮುಂದೆ ಬಂದಳು. "ನಂದೇ ತಪ್ಪು ಯಜಮಾನ್ರೆ. ಕೋರು ಹಸಿ ಇತ್ತು. ನಂಗೆ ವಾಸ್ನೆ ಬರ್ತಿಲ್ಲ, ಎಲ್ಡ್ ತಿಂಗ್ಳಾತು. ಹೇಳ್ದಂಗೆ ಮುಚ್ಚಿಟ್ಟೆ."

"ಇಲ್ಲ ಸಾರ್, ಕೂಗಿದ್ದು ನಾನು. ತಲೆ ಆಡಿಸಿದ್ದೂ ನಾನು" ಎಂದೆ. ನನಗೆ ನಿಜವಾಗಲೂ ಅಳು ಬಂದಿತ್ತು, ದನಿ ನಡುಗುತ್ತಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನರು ನನ್ನತ್ತ ತಿರುಗಿಯೂ ನೋಡದೆ, "ನಿನ್ ನಾಟ್ಕ ಸಾಕು ಮಾಡಯ್ಯ. ಯಾರ್ದಿದು ದನಿ?" ಎಂದರು.

ನನ್ನದೇ ಆಗಿತ್ತು. ಯಾರಿಗೂ ಗುರುತು ಸಿಗಲಿಲ್ಲ.

ಒಲೆ ಆರಿತು. ಗ್ಯಾಸಿನ ಸಿಲಿಂಡರು ಬಂತು, ಗಾಜಿನ ಪಾಕದಂಥ ಹೊಸ ಅಂಟು ಬಂತು. ಮರಳಿಗೆ ಬೆರೆಸಿ ಗ್ಯಾಸು ಹಾಯಿಸಿದರೆ ಹತ್ತು ಎಣಿಸುವುದರೊಳಗೆ ಕೋರು ಕಲ್ಲಾಗುತ್ತಿತ್ತು. ವಾಸನೆಯಿಲ್ಲ, ಕಾಯುವ ಮಾತಿಲ್ಲ. ಈರಕ್ಕ ಅಂಗಳದಲ್ಲಿ ಮರಳು ಗುಡಿಸಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ನಾನು ಅವಳ ಮುಂದೆ ಹೊಸ ವಾಚ್‌ಮನ್ನನ ನಡಿಗೆ ಮಾಡಿ ತೋರಿಸಿದೆ, ಬೇಕೆಂದೇ ತಪ್ಪಾಗಿ. ತಿದ್ದಲಿಲ್ಲ. "ಚೆನ್ನಾಗೈತೆ" ಎಂದು ಗುಡಿಸುತ್ತ ಹೋದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕಲ್ಲಾದ ಕೋರಿಗೆ ಒಂದು ದೋಷವಿತ್ತು. ಅದು ಎದ್ದು ಹೋಗಲು ಒಪ್ಪುತ್ತಿರಲಿಲ್ಲ. ದೊಡ್ಡ ಪಂಪಿನಲ್ಲಿ ಹೇಗೋ ಉಳಿಯಿಂದ ಕುಟ್ಟಿ ತೆಗೆಯುತ್ತಿದ್ದರು. ಚಿಕ್ಕ ಪಂಪಿನ ಇಕ್ಕಟ್ಟಾದ ನೀರದಾರಿಯಲ್ಲಿ ಅದು ಕಚ್ಚಿಕೊಂಡು ಕೂತುಬಿಡುತ್ತಿತ್ತು. ಕುಟ್ಟಿದರೆ ಪಂಪೇ ಒಡೆಯುತ್ತಿತ್ತು. ತಿಂಗಳು ನೋಡಿ ಯಜಮಾನರು ಈರಕ್ಕನನ್ನು ಕರೆಸಿದರು. "ಸಣ್ಣ ಕೋರಿಗೆ ಒಲೆ ಹಚ್ಚಾಣ. ಆದ್ರೆ ವಾಸ್ನೆ ಯಾರು ನೋಡ್ತಾರಮ್ಮ?"

"ನಾಗವೇಣಿ ನೋಡ್ತಾಳೆ. ಮೂರು ತಿಂಗ್ಳು ಕೊಡ್ರಿ."

ಆ ಮೂರು ತಿಂಗಳು ಅವಳು ದಿನಾ ಒಂದು ಹಿಡಿ ಅಗಸೆ ತಂದು ಒಲೆಯ ಪಕ್ಕ ಹುರಿದು ನಾಗವೇಣಿಯ ಮೂಗಿಗೆ ಹಿಡಿದಳು. ತನಗೆ ಬಾರದ ವಾಸನೆಯನ್ನು ಇನ್ನೊಬ್ಬಳಿಗೆ ಕಲಿಸುವುದು ಹೇಗಿರುತ್ತದೋ ನಾನರಿಯೆ. "ಬಂತಾ? ಹೆಂಗೈತೆ? ನಿನ್ನೆಗಿಂತ ಕಮ್ಮಿನಾ ಜಾಸ್ತಿನಾ?" ಎಂದು ಕೇಳುತ್ತ ಅವಳ ಮುಖವನ್ನೇ ನೋಡುತ್ತಿದ್ದಳು. ನಾನು ದೂರ ನಿಂತು, ಹದ ಬಂದಾಗ ಮೊದಲಿನಂತೆ ಕಂಡಕ್ಟರನ ದನಿಯಲ್ಲಿ ಕೂಗಿ ಹೇಳುತ್ತಿದ್ದೆ. ಒಂದು ದಿನ ನಾನಿನ್ನೂ ಕಂಡಕ್ಟರನಾಗಲು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾಗವೇಣಿ ಒಳಗಿನಿಂದ "ಅಕ್ಕ, ಈಗ!" ಎಂದು ಕಿರುಚಿದಳು. ಸರಿಯಾಗಿ ಅದೇ ಗಳಿಗೆ. ಈರಕ್ಕ ಸ್ಟೂಲಿನಿಂದ ಎದ್ದು, ಸೆರಗಿನಿಂದ ಅದನ್ನು ಒರೆಸಿ, ನಾಗವೇಣಿಯ ಕಡೆ ತಳ್ಳಿದಳು. ಮುಂದಿನ ತಿಂಗಳು ಕೆಲಸ ಬಿಟ್ಟು ಯಲ್ಲದಕೆರೆಗೆ, ತಮ್ಮನ ಮನೆಗೆ ಹೋದಳು.

ಕಳೆದ ಶ್ರಾವಣದಲ್ಲಿ ಈರಕ್ಕ ತೀರಿಕೊಂಡಳು ಎಂದು ನಾಗವೇಣಿಯೇ ಹೇಳಿದ್ದು. ಅವತ್ತು ಊಟದ ಹೊತ್ತಿಗೆ ಅಚ್ಚಿನವರು, "ಆಪೀಸರ್ರೆ, ಒಂದ್ಸಲ ಈರಕ್ಕನ್ನ ಮಾಡ್ರಿ" ಎಂದರು. ಬಲಗಾಲೇ ಎಳೆದೆ, ಉಸಿರು ತೆಗೆದುಕೊಂಡೆ. ಮುಂದೆ ಆಗಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ನಾನು ಯಲ್ಲದಕೆರೆಗೆ ಹೋಗಿದ್ದೆ. ಬರಿಗೈಯಲ್ಲಿ ಹೋಗಲಾರದೆ, ಅವಳಿದ್ದಾಗ ಎರಕವಾದ ಹಳೆಯ ಪಂಪಿನ ಮೈಯೊಂದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿಸಿ ಒಂದು ಹೋಳನ್ನು ಚೀಲದಲ್ಲಿ ತಂದಿದ್ದೆ. ತಮ್ಮ, ಅವನ ಮಕ್ಕಳು ಎಲ್ಲ ಕುರಿಯ ಹಿಂದೆ ಹೋಗಿದ್ದರು. ಅವಳು ಹಿತ್ತಲ ಒಲೆಯ ಮುಂದೆ ಕುಳಿತು ಅಗಸೆ ಹುರಿಯುತ್ತಿದ್ದಳು.

"ಬಾರಪ್ಪ ಆಪೀಸರ. ಕುಂತ್ಕ. ಸೆಂಟು ಹಾಕ್ಕಂಡ್ ಬಂದಿದ್ರೂ ಇವತ್ತು ಬದುಕ್ದೆ ನೀನು."

ಹೋಳನ್ನು ಕೈಗೆ ಕೊಟ್ಟೆ. ಇಪ್ಪತ್ತಾರು ವರ್ಷ ಪಂಪಿನ ಒಳಗನ್ನು ಮಾಡಿದವಳು ಅದರ ಒಳಗನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಮುಚ್ಚಿದ ಹೊಟ್ಟೆಯೊಳಕ್ಕೆ ಯಾರು ಇಣುಕುತ್ತಾರೆ? ನೀರದಾರಿಯ ಗೋಡೆಯ ಮೇಲೆ, ಜೋಡಿನ ಗೆರೆ ಇರಬೇಕಾದ ಕಡೆ, ಹೆಬ್ಬೆರಳು ಎಳೆದ ನುಣುಪು ಕಬ್ಬಿಣದಲ್ಲಿ ಹಾಗೇ ನಿಂತಿತ್ತು. ಅವಳು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ಎಳೆದಳು. ಈ ಸಲ ಎರಡು ಬಾರಿ ಎಳೆದಳು.

"ಅಕ್ಕ, ಅವತ್ತು ನಾನು..." ಎಂದು ಶುರುಮಾಡಿದೆ.

ಅವಳು ಹೋಳನ್ನು ಕೆಳಗಿಟ್ಟು, ನೆಟ್ಟಗೆ ಕುಳಿತು, ಇಲ್ಲದ ಜೇಬಿನ ಇಲ್ಲದ ವರ್ನಿಯರನ್ನು ಮುಟ್ಟಿಕೊಂಡು, ಉಗುಳು ನುಂಗಿ, ಕಣ್ಣು ತಪ್ಪಿಸಿ ಎರಡು ಸಲ ತಲೆ ಆಡಿಸಿದಳು. ನಾನೇ. ಅದೇ ಕುತ್ತಿಗೆ, ಅದೇ ಪುಕ್ಕಲು ಗದ್ದ. ನನ್ನ ಜೀವಮಾನದಲ್ಲಿ ಕಂಡ ಅತ್ಯುತ್ತಮ ಅಣಕ ಅದು. ನಾನು ನಗಲು ಹೋಗಿ ಕಣ್ಣೊರೆಸಿಕೊಂಡೆ.

"ನನ್ ಉಗುರಿಗೆ ಗೊತ್ತಾಗಿತ್ತು ಕಣಪ್ಪ, ಹಸಿ ಐತೆ ಅಂತ" ಎಂದಳು.

"ಮತ್ಯಾಕಕ್ಕ ಸುಮ್ಕಿದ್ದೆ?"

"ಮೂಗು ಹೋದ ಮ್ಯಾಲೆ ನನ್ ಮ್ಯಾಲೆ ನಂಗೇ ನಂಬ್ಕೆ ಹೋಗಿತ್ತು. ಉಗುರಿಗಿಂತ ನಿನ್ ತಲೇನೇ ನಿಜ ಇರ್ಬೇಕು ಅಂದ್ಕಂಡೆ. ಹೋಗ್ಲಿ ಬಿಡು, ನಾಗವೇಣಿ ಒಲೆ ಉರೀತೈತಲ್ಲ." ಬಾಣಲೆಯಲ್ಲಿ ಸೌಟು ಆಡಿಸುತ್ತ ಕೇಳಿದಳು: "ಲೇ, ಮಾತಾಡ್ತ ಮರ್ತೆ. ನಂಗೇನು ಗೊತ್ತಾಗ್ತೈತೆ? ನೋಡು, ಆತಾ?"

ಕಂಡಕ್ಟರನ ದನಿ ಗಂಟಲಿಗೆ ಬಂದಿತ್ತು. ನುಂಗಿಕೊಂಡೆ. ಬಾಣಲೆಯ ಮೇಲೆ ಬಗ್ಗಿದೆ. ಚಟಚಟ ಸದ್ದಿತ್ತು, ಕಾಳಿನ ಹಸಿ ವಾಸನೆ ಇನ್ನೂ ಸ್ವಲ್ಪ ಇತ್ತು.

"ಇನ್ನೊಂದು ಗಳಿಗೆ ತಡಿ ಅಕ್ಕ" ಎಂದೆ.

ಅವಳು ತಡೆದಳು. ಹೊರಗೆ ರೊಪ್ಪದಲ್ಲಿ ಮರಿಯೊಂದು ಕೂಗುತ್ತಿತ್ತು. ಅವಳು ಬಾಣಲೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು, ನಾಗವೇಣಿಯದನ್ನು ನೋಡುತ್ತಿದ್ದಂತೆ. ಆ ಘಮ ಬಂತು.

ನಾನು ತಲೆ ಆಡಿಸಿದೆ. ಈರಕ್ಕ ಬಾಣಲೆ ಇಳಿಸಿದಳು.